ನೀರಲ್ಲಿ ಸೊಟ್ಟ, ಗಾಜಲ್ಲಿ ದೊಡ್ಡ

ನಗಬೇಡ್ರಪ್ಪ, ಇನ್ನೂ ಕತೆ ಶುರುವೇ ಆಗಿಲ್ಲ. ಜವರ ಅಂತ ಹೆಸರು ಹೇಳಿದ್ದಕ್ಕೇ ಹಿಂಗೆ ನಕ್ಕರೆ ಕಡೆಗೆ ನಗೋಕೆ ಏನು ಉಳಿಸ್ಕೋತೀರಿ?

ಹೊಳೆ ದಂಡೇಲಿ ಒಂದು ಬೆಸ್ತರ ಕೇರಿ. ಆ ಕೇರೀಲಿ ಹೊಂಬಾಳವ್ವ. ಗಂಡ ತೀರಿಕೊಂಡು ಏಳು ವರ್ಷ. ಇದ್ದವನು ಒಬ್ಬನೇ ಮಗ, ಜವರ. ಇಪ್ಪತ್ತು ವರ್ಷದ ಆಳು, ನೋಡಿದರೆ ಆನೆಮರಿ. ತೆಪ್ಪವನ್ನ ಒಬ್ಬನೇ ತಲೆ ಮೇಲೆ ಹೊತ್ಕೊಂಡು ದಂಡೆ ಹತ್ತುತ್ತಿದ್ದ. ಸುಳ್ಳು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ, ಎದುರು ಮಾತು ಗೊತ್ತಿಲ್ಲ. ಒಂದೇ ಒಂದು ಊನ. ಏನು ಹೇಳಿದರೆ ಅದೇ ಮಾಡ್ತಿದ್ದ. ಅಷ್ಟೇ ಮಾಡ್ತಿದ್ದ.

ಒಂದಿನ ಹೊಂಬಾಳವ್ವ ಅಂದಳು, "ಲೋ ಜವರ, ಒಲೆ ಮೇಲೆ ಅನ್ನ ಇಟ್ಟಿದೀನಿ. ಉಕ್ಕುತ್ತೇನೋ ನೋಡ್ತಿರು. ನಾನು ನೀರು ತರ್ತೀನಿ."

"ಹೂಂ ಕಣವ್ವ."

ಬಂದು ನೋಡಿದರೆ ಅನ್ನ ಉಕ್ಕಿ, ಒಲೆ ಆರಿ, ಬೂದಿಯೆಲ್ಲ ಗಂಜಿ!

"ನೋಡ್ತಿರು ಅಂದಿದ್ನಲ್ಲೋ!"

"ನೋಡ್ತಾನೇ ಇದ್ದೆ ಕಣವ್ವ. ಮೂರು ಸಲ ಉಕ್ತು. ಮೊದಲನೇದೇ ಚೆನ್ನಾಗಿತ್ತು."

ಹೊಂಬಾಳವ್ವ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ನನ್ನ ಕರ್ಮವೇ! ಕಣ್ಣಿಗೆ ಏನಾದರೂ ಕೆಟ್ಟಿದ್ದು ಕಂಡರೆ ಸುಮ್ಮನೆ ನೋಡ್ಕೊಂಡು ಕೂರಬೇಡ್ವೋ. ಅಲ್ಲೇ, ಆಗಲೇ, ಸರಿಮಾಡು!"

"ಹೂಂ ಕಣವ್ವ" ಅಂದ ಜವರ. ಅವನು ಹೂಂ ಅಂದರೆ ಅದು ಹಚ್ಚೆ ಹುಯ್ದಂಗೆ, ಅಳಿಸೋ ಮಾತೇ ಇಲ್ಲ.

ಮಗನ ಚಿಂತೆಗಿಂತ ದೊಡ್ಡ ಚಿಂತೆ ಒಂದು ಹೊಂಬಾಳವ್ವನಿಗೆ ಒಂದೆರಡು ವರ್ಷದಿಂದ ಸುತ್ತಿಕೊಂಡಿತ್ತು. ಅವಳ ಕಣ್ಣು. ದೂರದ ಗುಡ್ಡದ ಮೇಲಿನ ಮೇಕೆ ಕಾಣೋದು, ಕೈಯಲ್ಲಿರೋ ಸೂಜಿ ಕಾಣದು. ಬಲೆ ಹರಿದು ಮೂಲೆ ಸೇರಿತ್ತು. ಹೆಣೆಯೋಣ ಅಂತ ಕೂತರೆ ನೂಲೆಲ್ಲ ಮಂಜು ಮಂಜು. ಬಲೆ ಇಲ್ಲ ಅಂದರೆ ಮೀನಿಲ್ಲ, ಮೀನಿಲ್ಲ ಅಂದರೆ ಒಲೆ ಮೇಲೆ ಉಕ್ಕೋಕೆ ಅನ್ನವೂ ಇಲ್ಲ.

"ಇನ್ನು ನೀನೇ ನನ್ನ ಕಣ್ಣು ಕಣೋ ಮಗ" ಅಂದಳು. "ತೆಪ್ಪ ನೂಕೋ ಬಿದಿರ ಗಳ ಇದೆಯಲ್ಲ, ಅದು ಗಟ್ಟಿ ಇದೆಯೋ ಹೆಂಗೋ ಹೊಳೇಲಿ ಇಳಿಬಿಟ್ಟು ನೋಡ್ಕೊಂಡು ಬಾ. ನಾಳೆಯಿಂದ ನೀನೇ ಮೀನಿಗೆ ಹೋಗಬೇಕು."

ಜವರ ಹೋದ. ಬೇಸಗೆ ಕಾಲ, ಹೊಳೆ ಕನ್ನಡಿಯಂಗೆ ತಿಳಿಯಾಗಿತ್ತು. ಗಳವನ್ನ ಓರೆಯಾಗಿ ನೀರಿಗೆ ಇಳಿಬಿಟ್ಟ. ಅರೆ! ನೀರು ಮುಟ್ಟಿದ ಜಾಗದಲ್ಲೇ ಗಳ ಮುರಿದುಹೋಗಿದೆ! ಮೇಲೆತ್ತಿದ, ನೆಟ್ಟಗಿದೆ. ಇಳಿಬಿಟ್ಟ, ಸೊಟ್ಟಗಾಯ್ತು. ಎತ್ತಿದ, ನೆಟ್ಟಗೆ. ಬಿಟ್ಟ, ಸೊಟ್ಟಗೆ. "ಪಾಪ, ನೀರಿಗೆ ಹೋದರೆ ಇದಕ್ಕೆ ನೋವಾಗುತ್ತೆ" ಅಂದ್ಕೊಂಡ. ಕೆಟ್ಟಿದ್ದು ಕಂಡರೆ ಅಲ್ಲೇ, ಆಗಲೇ, ಸರಿಮಾಡು ಅಂತ ಅವ್ವ ಅಂದಿಲ್ವೇ?

ಸಂಜೆ ಹೊಂಬಾಳವ್ವ ಬಂದು ನೋಡಿದಳು. ಗಳದ ನಡುವಿಗೆ ನಾಲ್ಕು ದಬ್ಬೆ ಕಟ್ಟಿದೆ, ಅದರ ಮೇಲೆ ಅರಿಶಿನ ಮೆತ್ತಿದೆ, ಅದರ ಮೇಲೆ ಅವಳ ಒಳ್ಳೇ ಸೀರೆ ಹರಿದು ಸುತ್ತಿದೆ. ಜವರ ಪಕ್ಕದಲ್ಲಿ ಕೂತು ಗಳಕ್ಕೆ ಗಾಳಿ ಬೀಸ್ತಾ ಇದಾನೆ!

"ಏನ್ಲಾ ಇದು!"

"ಮೂಳೆ ಮುರಿದೈತೆ ಕಣವ್ವ. ಮೂರು ವಾರ ನೀರಿಗೆ ಇಳಿಸೋ ಹಂಗಿಲ್ಲ."

"ಅಯ್ಯೋ ನನ್ನ ಸೀರೆಯೇ! ಮುರಿದಿಲ್ಲ ಕಣೋ ಪೆದ್ದೆ! ನೀರಲ್ಲಿ ಎಲ್ಲಾ ಹಂಗೇ ಸೊಟ್ಟ ಕಾಣುತ್ತೆ. ಸೊಟ್ಟ ಕಂಡರೆ ನೀರಿಂದ ಈಚೆ ಎತ್ತಬೇಕು ಅಷ್ಟೇ, ತಾನಾಗೇ ನೆಟ್ಟಗಾಗುತ್ತೆ!"

"ಹೂಂ ಕಣವ್ವ."

ಮಾರನೇ ಬೆಳಗ್ಗೆ ಬೆಸ್ತರ ಯಜಮಾನ ಮುದ್ದಯ್ಯನವರು ಹೊಳೇಲಿ ನಿಂತು ಸೂರ್ಯನಿಗೆ ಕೈ ಮುಗೀತಿದ್ದರು. ಮುದ್ದಯ್ಯ ಅಂದರೆ ಸಾಮಾನ್ಯ ಅಲ್ಲ. ಹೊಳೇಲಿ ಮೀನು ತುಂಬಿರೋ ಆಳದ ಮಡುವಿನಲ್ಲಿ ಯಾರು ಬಲೆ ಹಾಕಬೇಕು, ಯಾರು ಹಾಕಬಾರದು ಅಂತ ಹೇಳೋರು ಅವರೇ. ಎದೆಮಟ್ಟ ನೀರು, ಕಣ್ಣು ಮುಚ್ಚಿದೆ, ಬಾಯಲ್ಲಿ ಮಂತ್ರ.

ಜವರ ದಂಡೆ ಮೇಲಿಂದ ಬಗ್ಗಿ ನೋಡಿದ. ಯಜಮಾನರ ಕಾಲು! ಮೇಲೆ ನೋಡಿದರೆ ಆಳುದ್ದದ ಮನುಷ್ಯ, ನೀರೊಳಗೆ ಗೇಣುದ್ದದ ಕಾಲು, ಅದೂ ಸೊಟ್ಟ! ತಡಮಾಡಲಿಲ್ಲ. ದುಡುಂ ಅಂತ ಹಾರಿದ, ಯಜಮಾನರನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡ, ದಂಡೆ ಹತ್ತಿದ.

"ಬಿಡೋ! ಇಳಿಸೋ! ಏಯ್!"

"ಇಳಿಸ್ತೀನಿ ತಡೀರಿ ಯಜಮಾನ್ರೇ, ಕಾಲು ಇನ್ನೂ ಪೂರಾ ನೆಟ್ಟಗಾಗಿಲ್ಲ!"

ದಂಡೆ ಮೇಲೆ ಹೆಂಗಸರು ಬಟ್ಟೆ ಒಗೀತಿದ್ದರು. ಮುದ್ದಯ್ಯನವರ ಮೈಮೇಲೆ ಒಂದು ಕೌಪೀನ, ಅಷ್ಟೇ. ಆಮೇಲಿಂದು ನಾನು ಹೇಳಲ್ಲ, ನೀವೂ ಕೇಳಬೇಡಿ.

ಮಧ್ಯಾಹ್ನದೊಳಗೆ ಮುದ್ದಯ್ಯ ಹೊಂಬಾಳವ್ವನ ಬಾಗಿಲಲ್ಲಿ ನಿಂತಿದ್ದರು. ಧೋತ್ರ, ಅಂಗಿ, ರುಮಾಲು, ಎಲ್ಲಾ ಒಂದರ ಮೇಲೊಂದು ಬಿಗಿದುಕೊಂಡು ಬಂದಿದ್ದರು. "ಇವತ್ತಿನಿಂದ ನಿಮ್ಮ ಮನೆ ಬಲೆ ಮಡುವಿಗೆ ಬೀಳಕೂಡದು!" ಅಂದರು. ಹೋದರು.

ಹೊಂಬಾಳವ್ವ ಗೋಡೆಗೆ ಒರಗಿ ಕೂತಳು. ಸೆರಗಿನ ತುದೀಲಿ ಕಣ್ಣೊರೆಸ್ಕೊಂಡಳು. ಅವಳು ಅಳೋದು ನೋಡಿ ಜವರನಿಗೂ ಅಳು ಬಂತು.

"ಅವ್ವ, ಕಾಲು ಸರಿಯಾಯ್ತಲ್ಲವ್ವ, ಯಾಕೆ ಅಳ್ತೀಯ?"

"ಲೋ ಮಗನೇ, ನೀರು ಕಣ್ಣಿಗೆ ಮೋಸ ಮಾಡುತ್ತೆ ಕಣೋ. ಇನ್ಮೇಲೆ ನೀರೊಳಗಿರೋದನ್ನ ಕೈಯಲ್ಲಿ ಮುಟ್ಟಬೇಡ. ಬೆಟ್ಟಮಾವನ ಜೊತೆ ಹೋಗು, ಈಟೀಲಿ ಮೀನು ಹೊಡೆಯೋದು ಕಲಿ. ಹೊಳೆ ಅಂಚಲ್ಲಿ ಹೊಡೆಯೋಕೆ ಯಾರಪ್ಪಣೆಯೂ ಬೇಡ."

"ಹೂಂ ಕಣವ್ವ."

ಬೆಟ್ಟಮಾವ ಹೊಂಬಾಳವ್ವನ ತಮ್ಮ, ಬೆಟ್ಟಯ್ಯ. ಒಳ್ಳೇ ಮನುಷ್ಯ, ತಾಳ್ಮೆಯ ಮನುಷ್ಯ. ಆವತ್ತು ಬೆಳಗ್ಗೆವರೆಗೂ ತಾಳ್ಮೆ ಇತ್ತು ಅಂತಿಟ್ಕೊಳ್ಳಿ. ಮೊಣಕಾಲು ನೀರಲ್ಲಿ ಇಬ್ಬರೂ ನಿಂತರು. ಮುಂದೆ ಒಂದು ಮೀನು ಬಾಲ ಆಡಿಸ್ತಾ ನಿಂತಿದೆ. ಜವರ ಈಟಿ ಎಸೆದ. ತಪ್ಪಿತು. ಇನ್ನೊಂದು ಸಲ. ತಪ್ಪಿತು. ಮತ್ತೊಂದು ಸಲ. ಮೀನು ಸುಮ್ಮನೆ ಒಂದು ಸುತ್ತು ಬಂದು ಅಲ್ಲೇ ನಿಂತಿತು.

"ಕಂಡ ಕಡೆಗೇ ಹೊಡೀತಿದೀನಿ ಮಾವ!"

"ಅದೇ ತಪ್ಪು ಕಣ್ಲಾ. ಮೀನು ಕಂಡ ಕಡೆ ಇಲ್ಲ. ಅದಕ್ಕಿಂತ ಆಳದಲ್ಲಿದೆ."

"ಮತ್ತೆ ಇಲ್ಲಿ ಕಾಣ್ತಿರೋದು ಯಾರು?"

ಬೆಟ್ಟಯ್ಯ ಈಟಿ ಊರಿ ನಿಂತ. "ಕೇಳು. ಮರಳಲ್ಲಿ ಗಾಡಿ ಓರೆಯಾಗಿ ಹೋಗ್ತಾ ಇದೆ ಅಂತಿಟ್ಕೊ. ಗಟ್ಟಿ ರಸ್ತೆ ಬಂತು. ಒಂದು ಗಾಲಿ ಮೊದಲು ರಸ್ತೆ ಹತ್ತಿತು, ಅದು ಬೇಗ ಓಡಿತು. ಇನ್ನೊಂದು ಮರಳಲ್ಲೇ ನಿಧಾನ. ಗಾಡಿ ಏನಾಗುತ್ತೆ?"

"ತಿರುಗುತ್ತೆ."

"ಹಾಂ! ಬೆಳಕೂ ಅಷ್ಟೇ. ನೀರಲ್ಲಿ ನಿಧಾನ, ಗಾಳೀಲಿ ಬೇಗ. ಮೀನಿಂದ ಹೊರಟ ಬೆಳಕು ಓರೆಯಾಗಿ ನೀರಿಂದ ಮೇಲೆ ಬರುವಾಗ ದಾರಿ ತಿರುಗುತ್ತೆ. ನಮ್ಮ ಕಣ್ಣು ನಿನ್ನಂಗೇ ಪೆದ್ದು, ಬೆಳಕು ನೆಟ್ಟಗೇ ಬಂತು ಅಂದ್ಕೊಳ್ಳುತ್ತೆ. ಅದಕ್ಕೇ ಮೀನು ಮೇಲಿದ್ದಂಗೆ ಕಾಣುತ್ತೆ. ತಿಳೀತಾ?"

"ತಿಳೀತು ಮಾವ." ಜವರ ಬಹಳ ಹೊತ್ತು ಯೋಚನೆ ಮಾಡಿದ. "ಬೆಳಕಿನ ಗಾಡಿಗೆ ಕಟ್ಟಿರೋ ಎತ್ತು ಯಾವ ಬಣ್ಣ ಮಾವ?"

"ನಿನ್ನ ತಲೆ! ಕಂಡ ಕಡೆಗಿಂತ ಒಂದು ಗೇಣು ಕೆಳಗೆ ಹೊಡಿ ಅಷ್ಟೇ!"

ಗೇಣು ಕೆಳಗೆ ಹೊಡೆದ. ಚಕ್ ಅಂತ ಚುಚ್ಚಿತು! ಕೈಯುದ್ದದ ಮೀನು, ಈಟಿ ತುದೀಲಿ ಒದ್ದಾಡ್ತಾ ಇದೆ!

"ಹಿಡಿಯೋ! ಕೈ ಹಾಕಿ ಹಿಡಿಯೋ!"

ಜವರ ಕೈಕಟ್ಟಿ ನಿಂತ. "ನೀರೊಳಗಿರೋದನ್ನ ಮುಟ್ಟಬೇಡ ಅಂದವಳೆ ಅವ್ವ."

ಮೀನು ಒಂದು ಸಲ ಒದ್ದಾಡಿತು, ಎರಡು ಸಲ ಒದ್ದಾಡಿತು, ಜಾರಿತು, ಹೋಯ್ತು.

ಬೆಟ್ಟಯ್ಯ ನೀರಲ್ಲೇ ಕುಕ್ಕರಿಸಿದ. "ಲೋ! ಕಿವಿ ತೆರೆದು ಕೇಳು. ಕಂಡ ಕಡೆಗಿಂತ ಗೇಣು ಕೆಳಗೆ ಹೊಡಿ. ಹೊಡೆದ ಮೇಲೆ ಹೊಡೆದದ್ದನ್ನ ಎರಡು ಕೈಯಲ್ಲೂ ತಬ್ಬಿ ಹಿಡಿ. ನಾನು ಬಿಡು ಅನ್ನೋವರೆಗೂ ಬಿಡಬೇಡ!"

"ಹೂಂ ಮಾವ."

ಆವತ್ತು ಬರಿಗೈಯಲ್ಲಿ ಮನೆಗೆ ಬಂದ. ಹೊಂಬಾಳವ್ವ ಮಜ್ಜಿಗೆ ಕಡೀತಿದ್ದಳು. ಮೇಲೆ ನಾಗಂದಿಗೆ ಹಲಗೆಯ ಅಂಚಲ್ಲಿ ಒಂದು ಇಲಿ, ಕೆಳಗೆ ನೆಲುವಿನಲ್ಲಿ ತೂಗುಹಾಕಿದ ಮೊಸರಿನ ಗಡಿಗೆ.

"ಲೋ ಜವರ, ಇಲಿ! ಹೊಡಿ ಹೊಡಿ!"

ದೊಣ್ಣೆ ತಗೊಂಡ. ಕಣ್ಣಲ್ಲಿ ಇಲಿ ಅಳೆದ. ಅಲ್ಲಿಂದ ಒಂದು ಗೇಣು ಕೆಳಗೆ ಅಳೆದ. ಬೀಸಿದ!

ಗಡಿಗೆ ಒಡೀತು. ಇಲಿ ಓಡಿತು. ಜವರ ಒಡೆದ ಗಡಿಗೆಯನ್ನ ಎರಡು ಕೈಯಲ್ಲೂ ಎದೆಗೆ ತಬ್ಬಿ ಹಿಡಿದ. ತಲೆಯಿಂದ ಮೊಸರು ಮೂಗಿಗಿಳೀತು, ಮೂಗಿಂದ ಎದೆಗಿಳೀತು, ಎದೆಯಿಂದ ನೆಲಕ್ಕಿಳೀತು.

"ಬಿಡೋ ಅದನ್ನ!"

"ಮಾವ ಹೇಳಬೇಕು."

ಮಾವನಿಗೆ ಹೇಳಿ ಕಳಿಸಬೇಕಾಯ್ತು. ಅವನು ಊರಾಚೆಯಿಂದ ಬಂದು "ಬಿಡಪ್ಪಾ" ಅನ್ನೋ ಹೊತ್ತಿಗೆ ಬೆಕ್ಕು ಬಂದು ಜವರನ ಕಾಲೆಲ್ಲ ನೆಕ್ಕಿ ಮುಗಿಸಿತ್ತು.

ಹೊಂಬಾಳವ್ವ ಅಂದಳು, "ಮಗನೇ, ನೀರೋ ಗಾಜೋ ಅಡ್ಡ ಇದ್ದರೆ ಮಾತ್ರ ಕಣ್ಣು ಮೋಸಹೋಗೋದು. ಬರೀ ಗಾಳೀಲಿ ಕಂಡದ್ದು ಕಂಡ ಕಡೆಯೇ ಇರುತ್ತೆ, ಅದನ್ನ ನಂಬು. ನೀರಲ್ಲಿ, ಗಾಜಲ್ಲಿ ಏನು ಕಂಡರೂ ನಂಬಬೇಡ. ಆಯ್ತಾ?"

"ಹೂಂ ಕಣವ್ವ."

ಅಷ್ಟರಲ್ಲಿ ಒಂದು ಸುದ್ದಿ ಬಂತು. ಪೇಟೆ ಶಾಲೇಲಿ ಕಣ್ಣಿನ ಡಾಕ್ಟರಮ್ಮ ಬರ್ತಾರಂತೆ, ಕಣ್ಣು ನೋಡಿ ಪುಕ್ಕಟೆ ಕನ್ನಡಕ ಕೊಡ್ತಾರಂತೆ, ಮಧ್ಯಾಹ್ನದವರೆಗೆ ಮಾತ್ರ. ತಾಯಿ ಮಗ ಬೆಳಗ್ಗೆ ಬಸ್ಸು ಹತ್ತಿದರು. ಬಸ್ಸು ಅಂದರೆ ಹೊಂಬಾಳವ್ವನಿಗೆ ತಲೆಸುತ್ತು. ಮುಖಕ್ಕೆ ಸೆರಗು ಎಳ್ಕೊಂಡು, "ಗಡಿಯಾರದ ಗೋಪುರ ಕಂಡರೆ ಪೇಟೆ ಬಂತು ಅಂತ. ನನ್ನ ಎಬ್ಬಿಸು" ಅಂದು ಕಣ್ಣು ಮುಚ್ಚಿದಳು.

ಎಚ್ಚರ ಆಗೋ ಹೊತ್ತಿಗೆ ಬಸ್ಸಲ್ಲಿ ಯಾರೂ ಇಲ್ಲ. ಕಂಡಕ್ಟರು ಎದುರಿಗೆ ನಿಂತು, "ಅಮ್ಮಾ, ಕೊನೇ ಸ್ಟಾಪು, ಇಳೀರಿ" ಅಂತಿದಾನೆ.

"ಲೋ! ಗೋಪುರ ಕಾಣಲಿಲ್ವೇನೋ?"

"ಕಂಡಿತು ಕಣವ್ವ. ಹನ್ನೊಂದು ಗಂಟೆ ಆಗಿತ್ತು. ಆದರೆ ಕಿಟಕಿ ಗಾಜಲ್ಲಿ ಕಂಡಿತು. ನಾನು ನಂಬಲಿಲ್ಲ."

"ಪಕ್ಕದೋರೆಲ್ಲ ಇಳಿದರಲ್ಲೋ!"

"ಪಾಪ, ಅವರು ನಂಬಿಬಿಟ್ಟರು."

ನೆತ್ತಿ ಸುಡೋ ಬಿಸಿಲಲ್ಲಿ ಎರಡು ಮೈಲಿ ವಾಪಸ್ ನಡೆದರು. ಹೊಂಬಾಳವ್ವ ದಾರಿಯುದ್ದಕ್ಕೂ ಬೈದಳು, ಬೈದು ಬೈದು ಗಂಟಲು ಒಣಗಿದಾಗ ಜವರ ಅವಳನ್ನ ಬೆನ್ನ ಮೇಲೆ ಕೂರಿಸ್ಕೊಂಡು ಓಡಿದ. ಶಾಲೆ ಗೇಟು ಮುಚ್ಚೋಕೂ ಇವರು ಒಳಗೆ ಬೀಳೋಕೂ ಸರಿಹೋಯ್ತು.

ಡಾಕ್ಟರಮ್ಮ ಒಳ್ಳೆಯವರು. ಕಣ್ಣು ನೋಡಿದರು, ಒಂದು ಗಾಜು ಇಟ್ಟರು, ತೆಗೆದರು, ಇನ್ನೊಂದು ಇಟ್ಟರು. "ವಯಸ್ಸಾದ ಮೇಲೆ ಹತ್ತಿರದಿಂದ ಬರೋ ಬೆಳಕನ್ನ ಕಣ್ಣು ಸಾಕಷ್ಟು ಬಾಗಿಸಲ್ಲ ಅಮ್ಮ. ಅದಕ್ಕೇ ಮಂಜು. ಉಳಿದಿದ್ದನ್ನ ಈ ಗಾಜು ಬಾಗಿಸಿಕೊಡುತ್ತೆ" ಅಂದರು.

ಜವರ ಹೆದರಿದ. "ಬಾಗಿಸಿದರೆ ಅವ್ವನಿಗೆ ಎಲ್ಲಾ ಸೊಟ್ಟ ಕಾಣಲ್ವಾ ಮೇಡಂ?"

"ಇಲ್ಲಪ್ಪ, ಸರಿಯಾಗಿ ಕಾಣುತ್ತೆ."

ಹೊಂಬಾಳವ್ವ ಕನ್ನಡಕ ಹಾಕ್ಕೊಂಡಳು. ಮೊದಲು ಅಂಗೈ ನೋಡ್ಕೊಂಡಳು. ಗೆರೆ ಗೆರೆಯೂ ಕಾಣ್ತಾ ಇದೆ! ಆಮೇಲೆ ಮಗನ ಮುಖ ಹಿಡಿದು ಹತ್ತಿರ ಎಳ್ಕೊಂಡಳು.

"ಅಯ್ಯೋ ಕಂದ, ನಿನಗೆ ಮೀಸೆ ಇಷ್ಟು ದಪ್ಪಗೆ ಬಂದು ಎಷ್ಟು ದಿನ ಆಯ್ತೋ? ಹುಬ್ಬಿನ ಮೇಲೆ ಈ ಗಾಯ ಯಾವಾಗಿಂದೋ?"

"ಹೋದ ವರ್ಷದ್ದು ಕಣವ್ವ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ಹೊಂಬಾಳವ್ವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡಳು. ಬೈಗುಳ ಎಲ್ಲಾ ಮರೆತುಹೋಗಿತ್ತು. "ಲೋ ಮಗನೇ, ಗಾಜು ನಂಬಬೇಡ ಅಂದೆನಲ್ಲ, ಅದನ್ನ ಮರೆತುಬಿಡು. ನಿನ್ನ ಕಣ್ಣಿಗಿಂತ ಈ ಗಾಜೇ ವಾಸಿ. ಇದರಲ್ಲಿ ಕಂಡದ್ದೇ ನಿಜ" ಅಂದಳು.

"ಹೂಂ ಕಣವ್ವ."

ಎಂಟು ದಿನ ಕೂತಳು, ಬಲೆಯೆಲ್ಲ ಹೆಣೆದಳು. ಬಲೆಯೇನೋ ಆಯ್ತು, ಮಡುವಿಗೆ ಅಪ್ಪಣೆ? ಬೆಟ್ಟಯ್ಯ ಯಜಮಾನರ ಕಾಲಿಗೆ ಬಿದ್ದು ಬಂದ. "ನಾಳೆ ಮಧ್ಯಾಹ್ನ ಊಟಕ್ಕೆ ಬರ್ತಾರಂತೆ ಅಕ್ಕ. ಊಟ ಮಾಡಿ ಆಮೇಲೆ ಮಡುವಿನ ಮಾತು ಅಂದವರೆ. ಮೀನು ಮಾತ್ರ ಜೋರಾಗಿರಲಿ!"

ಮಾರನೇ ದಿನ ಹೊಂಬಾಳವ್ವ ಹೊಗೆ ಕೂತೀತು ಅಂತ ಕನ್ನಡಕ ತೆಗೆದು ಗೂಟಕ್ಕೆ ಸಿಕ್ಕಿಸಿ ಒಲೆ ಊದ್ತಾ ಕೂತಳು. "ಹೋಗು ಮಗ, ಹೊಳೆ ಅಂಚಲ್ಲಿ ಬಲೆ ಬೀಸು. ಸಣ್ಣವು ಬೇಡ, ದೊಡ್ಡ ಮೀನು ನಾಲ್ಕು ತಾ. ನಮ್ಮ ಮಡಕೇಲಿ ಹಿಡಿಯೋ ಹಂಗಿರಲಿ. ಚೆನ್ನಾಗಿ ನೋಡಿ ತಾ!"

ಚೆನ್ನಾಗಿ ನೋಡಬೇಕು ಅಂದರೆ? ಜವರ ಗೂಟದಿಂದ ಕನ್ನಡಕ ತಗೊಂಡು ಹೋದ.

ಬಲೆ ಬೀಸಿದ, ಎಳೆದ. ಅಬ್ಬಾ, ಬಲೆ ತುಂಬ ಮೀನು! ಮೊಳದುದ್ದದ್ದೂ ಇದೆ, ಬೆರಳುದ್ದದ್ದೂ ಇದೆ. ದಂಡೆ ಮೇಲೆ ಸುರುವಿ, ಕನ್ನಡಕವನ್ನ ಕೈಯಲ್ಲಿ ಹಿಡಿದು ಒಂದೊಂದನ್ನೇ ನೋಡಿದ. ಮೊಳದುದ್ದದ್ದು ನೋಡಿದ. "ಅವ್ವಯ್ಯಾ, ಏನು ಗಾತ್ರ! ಇದು ನಮ್ಮ ಮಡಕೇಲಿ ಹಿಡಿಯಲ್ಲ." ನೀರಿಗೆ ಬಿಟ್ಟ. ಇನ್ನೊಂದು ನೋಡಿದ. "ಇದೂ ಹಿಡಿಯಲ್ಲ." ಬಿಟ್ಟ. ಬೆರಳುದ್ದದ್ದು ನೋಡಿದ. "ಹಾಂ, ದೊಡ್ಡದು ಅಂದರೆ ದೊಡ್ಡದು, ಮಡಕೇಲೂ ಹಿಡಿಯುತ್ತೆ!" ನಾಲ್ಕು ಆರಿಸ್ಕೊಂಡು ಉಳಿದದ್ದೆಲ್ಲ ಹೊಳೆಗೆ ಬಿಟ್ಟು ಮನೆಗೆ ಬಂದ.

ಅಷ್ಟೊತ್ತಿಗೆ ಮುದ್ದಯ್ಯನವರು ಬಂದು ಎಲೆ ಮುಂದೆ ಕೂತಿದ್ದರು. ಪಕ್ಕದಲ್ಲಿ ಬೆಟ್ಟಯ್ಯ. ಹೊಂಬಾಳವ್ವ ಅಡಿಗೆ ಮೂಲೇಲಿ ಬುಟ್ಟಿ ಒಳಗೆ ಇಣುಕಿದಳು. ಬುಟ್ಟೀನ ಬೋರಲು ಹಾಕಿದಳು. ಅಲ್ಲಾಡಿಸಿದಳು.

"ಎಲ್ಲೋ ಮೀನು?"

"ಅದೇ ಕಣವ್ವ, ನಾಲ್ಕು. ಗಾಜಲ್ಲಿ ನೋಡೇ ತಂದೆ. ಎಷ್ಟು ದೊಡ್ಡವು ನೋಡು!"

ಇನ್ನೇನು ಮಾಡೋದು? ಇದ್ದಷ್ಟೇ ಸಾರಿಗೆ ಹಾಕಿ ಕುದಿಸಿದಳು. ಹಲ್ಲು ಕಚ್ಚಿ, ದನಿ ತಗ್ಗಿಸಿ ಬೈದಳು, "ನಿನಗೆ ದೊಡ್ಡದಾಗಿ ಕಂಡರೆ ಬಂತೇನೋ ಮುಂಡೇದೆ? ಉಣ್ಣೋರಿಗೆ ದೊಡ್ಡದಾಗಿ ಕಾಣಬೇಕು!"

"ಹೂಂ ಕಣವ್ವ."

ಮೀನು ಎಲೆಗೆ ಬಿತ್ತು. ಮುದ್ದಯ್ಯ ಎಲೆ ನೋಡಿದರು, ಬೆಟ್ಟಯ್ಯನ ಮುಖ ನೋಡಿದರು. ಮೀಸೆ ಅದುರಿತು. ಏಳೋಕೆ ಅಂತ ನೆಲಕ್ಕೆ ಕೈ ಊರಿದರು. ಅಷ್ಟರಲ್ಲಿ ಜವರ ಹಿಂದಿನಿಂದ ಬಂದು ಅವರ ಮೂಗಿನ ಮೇಲೆ ಕನ್ನಡಕ ಕೂರಿಸಿಬಿಟ್ಟ!

"ಈಗ ಉಣ್ಣಿ ಯಜಮಾನ್ರೇ! ಈಗ ಸಾಕಾಗುತ್ತೆ!"

ಬೆಟ್ಟಯ್ಯ ಕಣ್ಣು ಮುಚ್ಚಿಕೊಂಡ. ಹೊಂಬಾಳವ್ವ ಸೌಟು ಹಿಡಿದೇ ಕಲ್ಲಾದಳು. ಇನ್ನು ಮಡು ಅಷ್ಟೇ ಅಲ್ಲ, ಊರೂ ಬಿಡಬೇಕು ಅಂದ್ಕೊಂಡಳು.

ಮುದ್ದಯ್ಯ ಕನ್ನಡಕ ಕೀಳೋಕೆ ಕೈ ಎತ್ತಿದರು. ಇಳಿಸಿದರು. ಎಲೆ ಕಡೆಗೆ ಬಗ್ಗಿದರು. ಇನ್ನೂ ಬಗ್ಗಿದರು. ಎರಡು ಬೆರಳಲ್ಲಿ ಮೀನು ಬಿಡಿಸಿ ಒಂದು ಕೂದಲಂಥ ಮುಳ್ಳು ಎತ್ತಿ ಹಿಡಿದರು.

"ಹೊಂಬಾಳವ್ವಾ! ಮುಳ್ಳು ಕಾಣ್ತಾ ಇದೆ ಕಣವ್ವಾ!"

"ಏನಂದ್ರಿ ಯಜಮಾನ್ರೇ?"

"ಮುಳ್ಳು! ಒಂದೊಂದೂ ಕಾಣ್ತಾ ಇದೆ! ನಾಲ್ಕು ವರ್ಷದ ಹಿಂದೆ ಮುಳ್ಳು ಕಾಣದೆ ಗಂಟಲಿಗೆ ಸಿಕ್ಕಿ ಸಾಯಂಗಾಗಿತ್ತು. ಅವತ್ತಿಂದ ಬರೀ ಸಾರಲ್ಲಿ ಉಣ್ತಿದೀನಿ. ಬೆಸ್ತರ ಯಜಮಾನ ಮೀನಿಗೆ ಹೆದರ್ತಾನೆ ಅಂತ ಯಾರಿಗೆ ಹೇಳಲಿ?"

ಮುಳ್ಳು ಆರಿಸಿ ಆರಿಸಿ, ಬೆರಳುದ್ದದ ಮೀನನ್ನ ಮುಕ್ಕಾಲು ಗಂಟೆ ಉಂಡರು. ಬೆಟ್ಟಯ್ಯನ ಎಲೆಯದ್ದನ್ನೂ ಎಳ್ಕೊಂಡು ಉಂಡರು. ಕೈ ತೊಳೆದು, "ಈ ಕನ್ನಡಕ ಎಲ್ಲಿ ಕೊಡ್ತಾರೆ ನನಗೂ ತೋರಿಸು. ನಾಳೆಯಿಂದ ಮಡುವಿನಲ್ಲಿ ನಿಮ್ಮ ಬಲೆ ಬೀಳಲಿ. ಇವನನ್ನ ಮಾತ್ರ ನಾನು ಸ್ನಾನ ಮಾಡುವಾಗ ಕಟ್ಟಿಹಾಕು" ಅಂದು, ಕನ್ನಡಕ ಮಡಿಸಿ ಕೊಟ್ಟು ಹೋದರು.

ಹೊಂಬಾಳವ್ವನಿಗೆ ನಗುವೋ ಅಳುವೋ ತಿಳಿಯದು. ಕನ್ನಡಕ ಗೂಟಕ್ಕೆ ಸಿಕ್ಕಿಸಿ ಎಲೆ ಎತ್ತಿದಳು. ಎಲೇಲಿ ಉಳಿದದ್ದು ಒಂದು ಮೀನಿನ ತಲೆ, ನಾಲ್ಕು ಮುಳ್ಳು. ಬೆಕ್ಕಿನ ಮುಂದೆ ಹಾಕಿ, "ಇಷ್ಟು ಬೆಕ್ಕಿಗೂ ಸಾಲದು ಕಣೋ ಮಗ" ಅಂದು ಹಿತ್ತಿಲಿಗೆ ಹೋದಳು.

ಜವರ ಬೆಕ್ಕು ನೋಡಿದ. ಮೀನಿನ ತಲೆ ನೋಡಿದ. ಗೂಟ ನೋಡಿದ.

ಹಿತ್ತಿಲಲ್ಲಿದ್ದ ಹೊಂಬಾಳವ್ವನಿಗೆ ಕೇಳಿಸಿದ್ದು ಒಂದೇ ಒಂದು ಮಿಯಾಂವ್. ಅಂಥ ಮಿಯಾಂವ್ ಅವಳು ಹುಟ್ಟಿದಾರಭ್ಯ ಕೇಳಿರಲಿಲ್ಲ. ಓಡಿ ಬಂದು ನೋಡಿದರೆ ಬೆಕ್ಕು ಹಂಚಿನ ಮೇಲೆ. ಮುಖದ ಮೇಲೆ ಕನ್ನಡಕ, ಕಿವಿಗೆ ದಾರ ಬಿಗಿದು ಕಟ್ಟಿದೆ. ಕೆಳಗೆ ಬಗ್ಗಿ ನೋಡಿತು. ಕೆಳಗೆ ಜವರ, ಮೊದಲೇ ಆನೆಮರಿ. ಗಾಜಲ್ಲಿ ಹೆಂಗೆ ಕಂಡನೋ ಏನೋ! ಬೆಕ್ಕು ಎಗರಿ, ದಾರ ಕಿತ್ತು, ಕನ್ನಡಕವನ್ನ ಹಂಚಿನ ಸಂದೀಲಿ ಬಿಟ್ಟು, ಕೇರಿ ದಾಟಿ ಓಡಿತು.

ಬೆಟ್ಟಯ್ಯ ಏಣಿ ಹಾಕಿ ಕನ್ನಡಕ ತೆಗೆದುಕೊಟ್ಟ. ಪುಣ್ಯಕ್ಕೆ ಒಡೆದಿರಲಿಲ್ಲ. ಬೆಕ್ಕು ಮಾತ್ರ ಒಂದಿನ ಬರಲಿಲ್ಲ, ಎರಡು ದಿನ ಬರಲಿಲ್ಲ, ಮೂರು ದಿನ ಬರಲಿಲ್ಲ.

ನಾಲ್ಕನೇ ದಿನ ಹೊಂಬಾಳವ್ವ ಬಲೆ ಮುಂದೆ ಕೂತು ಮುಖ ಸಣ್ಣಗೆ ಮಾಡ್ಕೊಂಡಿದ್ದಳು. ಜವರ ಪಕ್ಕದಲ್ಲಿ ಬಂದು ಕೂತು, ಬಹಳ ಸಮಾಧಾನದಿಂದ ಅಂದ:

"ಸುಮ್ನೆ ಚಿಂತೆ ಮಾಡಬೇಡ ಕಣವ್ವ. ಬೆಕ್ಕಿಗೆ ಸಾಕಾಗೈತೆ. ಮೂರು ದಿನದಿಂದ ಊಟ ಕೇಳೋಕೇ ಬಂದಿಲ್ಲ!"